ಮಳೆಹಾನಿ, ಪಹಣಿ, ಪರಿಹಾರ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಯ ಪ್ರಶ್ನೋತ್ತರವನ್ನು ಪೂರ್ತಿ ಕೊಡಗಿಗೇ ಬಿಟ್ಟಿದ್ದೇವೆ. 2025ರ ಮಳೆಗಾಲದ ಹಾನಿಯ ಬಗ್ಗೆ ಐದೂ ತಾಲ್ಲೂಕುಗಳಿಂದ ಪತ್ರಗಳು ಬಂದಿವೆ. ಓದುತ್ತಾ ಹೋದರೆ ಹೆಚ್ಚಿನ ತಕರಾರುಗಳ ಬುಡ ಪಹಣಿಯಲ್ಲೋ ಬ್ಯಾಂಕ್ ಖಾತೆಯಲ್ಲೋ ಸಿಗುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನನ್ನದು ಮೂರು ಎಕರೆ ಕಾಫಿ ತೋಟ. ಅರ್ಧಕ್ಕಿಂತ ಹೆಚ್ಚು ಕಾಯಿ ಉದುರಿದೆ. ಖಾತೆಗೆ ಮೊದಲು 27 ಸಾವಿರ ಚಿಲ್ಲರೆ ಬಂತು, ಆಮೇಲೆ 10 ಸಾವಿರ ಚಿಲ್ಲರೆ. ನಷ್ಟ ಲಕ್ಷಗಟ್ಟಲೆ ಇರುವಾಗ ಇದು ಯಾವ ಲೆಕ್ಕ? (ನಾಪೋಕ್ಲು)

ಉತ್ತರ: ಲೆಕ್ಕ ಸರಿಯಾಗಿದೆ. ನಾವು ಇದನ್ನು ಬೆಳೆ ಪರಿಹಾರ ಎನ್ನುತ್ತೇವೆ, ಆದರೆ ಸರ್ಕಾರದ ಕಡತದಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ಮುಂದಿನ ಬೆಳೆಗೆ ಗೊಬ್ಬರ, ಔಷಧಿ, ಕೂಲಿಗೆ ಒಂದಷ್ಟು ನೆರವು ಎಂಬುದು ಇದರ ಅರ್ಥ. ಉದುರಿದ ಕಾಯಿಯ ಮಾರುಕಟ್ಟೆ ಬೆಲೆ ಇದರೊಳಗೆ ಬರುವುದೇ ಇಲ್ಲ. ಕಾಫಿಗೆ ಚೀಲಕ್ಕೆ ಎಷ್ಟೇ ದರ ಇದ್ದರೂ ಪರಿಹಾರದ ಮೊತ್ತ ಅಷ್ಟೇ.

ರಾಜ್ಯ ವಿಪತ್ತು ಸ್ಪಂದನಾ ನಿಧಿಯ 2025-26ರವರೆಗಿನ ಕೇಂದ್ರದ ದರಪಟ್ಟಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ಇದೆ. ಕಾಫಿ, ಕಾಳುಮೆಣಸು, ಅಡಿಕೆ, ಏಲಕ್ಕಿ ಬಹುವಾರ್ಷಿಕದಲ್ಲಿ ಬರುತ್ತವೆ. 2025ರ ಮಳೆಹಾನಿಗೆ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಹೆಕ್ಟೇರಿಗೆ ಇನ್ನೂ 8,500 ರೂ. ಸೇರಿಸಿದ್ದರಿಂದ ಈ ಮೂರು ದರಗಳು ಕ್ರಮವಾಗಿ 17,000, 25,500 ಮತ್ತು 31,000 ಆದವು. ಹಿಂದೆ 2021ರಲ್ಲೂ ರಾಜ್ಯ ಹೀಗೆ ಹೆಚ್ಚುವರಿ ಕೊಟ್ಟಿತ್ತು. ಹೆಚ್ಚುವರಿ ಎನ್ನುವುದು ಆಯಾ ವರ್ಷದ ಸರ್ಕಾರದ ತೀರ್ಮಾನ, ಪ್ರತಿ ವರ್ಷವೂ ಇರುತ್ತದೆ ಎಂದು ಎಣಿಸಬೇಡಿ.

ಒಂದು ಹೆಕ್ಟೇರ್ ಎಂದರೆ 2 ಎಕರೆ 47 ಸೆಂಟ್. ನಿಮ್ಮ ಮೂರು ಎಕರೆ 1.214 ಹೆಕ್ಟೇರ್ ಆಗುತ್ತದೆ. ಅದನ್ನು 22,500ರಿಂದ ಗುಣಿಸಿದರೆ 27,315 ರೂ. ಇದು ಮೊದಲ ಕಂತು. 8,500ರಿಂದ ಗುಣಿಸಿದರೆ 10,319 ರೂ. ಇದು ರಾಜ್ಯದ ಪಾಲು. ಎರಡು ಸಲ ಬಂದದ್ದು ಅದಕ್ಕೇ.

ಇನ್ನೆರಡು ಮಿತಿಗಳಿವೆ. ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರ್, ಅಂದರೆ 4 ಎಕರೆ 94 ಸೆಂಟ್‌ಗೆ ಮಾತ್ರ ಲೆಕ್ಕ. ಹನ್ನೆರಡು ಎಕರೆ ತೋಟ ಇದ್ದವರಿಗೂ ಐದು ಎಕರೆಯವರಿಗೂ ಸಿಗುವ ಮೊತ್ತ ಒಂದೇ. ಪರಿಹಾರ ಸಿಗಬೇಕಾದರೆ ಹಾನಿ ಕನಿಷ್ಠ ಶೇ 33 ಇರಬೇಕು, ಅದು ದಾಟಿದ ಮೇಲೆ ಶೇ 40 ಆದರೂ ಶೇ 90 ಆದರೂ ದರ ಬದಲಾಗುವುದಿಲ್ಲ. ಕಾಫಿಯ ಮೇಲೆ ಹಬ್ಬಿದ ಮೆಣಸಿಗೆ ಬೇರೆ ಲೆಕ್ಕ ಕೇಳಿದವರೂ ಇದ್ದಾರೆ. ದರ ಹೆಕ್ಟೇರಿಗೆ ಇರುವುದರಿಂದ ಒಂದೇ ನೆಲವನ್ನು ಎರಡು ಸಲ ಎಣಿಸುವುದಿಲ್ಲ.

ಪ್ರಶ್ನೆ: ಜಂಟಿ ಸಮೀಕ್ಷೆಗೆ ಬಂದವರು ರಸ್ತೆ ಪಕ್ಕದ ನಾಲ್ಕು ಗಿಡ ನೋಡಿ ‘ಶೇ 25’ ಎಂದು ಬರೆದುಕೊಂಡು ಹೋದರು. ಒಳಗೆ ಇಳಿಜಾರಿನ ತಳದಲ್ಲಿ ಗಿಡಗಳೇ ಬೋಳಾಗಿವೆ. ಶೇ 33 ಆಗಿದೆ ಎಂದು ತೋರಿಸುವುದು ಹೇಗೆ? (ಮಾದಾಪುರ)

ಉತ್ತರ: ಇಡೀ ಪರಿಹಾರ ನಿಂತಿರುವುದು ಈ ಒಂದು ಅಂಕಿಯ ಮೇಲೆ. ಶೇ 32 ಎಂದು ದಾಖಲಾದರೆ ಒಂದು ರೂಪಾಯಿಯೂ ಇಲ್ಲ. ಹಾಗಿರುವಾಗ ಕಣ್ಣಂದಾಜಿಗೆ ಎದುರಾಗಿ ‘ತುಂಬಾ ಉದುರಿದೆ ಸ್ವಾಮಿ’ ಎಂದರೆ ಸಾಲದು, ಎಣಿಕೆ ಬೇಕು.

ಮಳೆ ಸ್ವಲ್ಪ ಬಿಟ್ಟ ಕೂಡಲೇ, ಸಮೀಕ್ಷೆಯ ತಂಡ ಬರುವ ಮೊದಲೇ ನೀವೇ ಎಣಿಸಿ ಇಟ್ಟುಕೊಳ್ಳಿ. ತೋಟವನ್ನು ಅರೇಬಿಕಾ, ರೋಬಸ್ಟಾ ಎಂದೂ, ಮೇಲಿನ ಬರೆ (ಇಳಿಜಾರು), ಮಧ್ಯ, ತಗ್ಗು ಎಂದೂ ಭಾಗ ಮಾಡಿ. ಪ್ರತಿ ಭಾಗದಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಗಿಡ ಆರಿಸಿ. ದಾರಿಯ ಅಂಚಿನವು ಬೇಡ, ಅಲ್ಲಿ ಗಾಳಿ ಬೆಳಕು ಹೆಚ್ಚಿರುವುದರಿಂದ ಹಾನಿ ಕಡಿಮೆ ಕಾಣುತ್ತದೆ. ಒಂದೊಂದು ಗಿಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ರೆಕ್ಕೆ (ಅಡ್ಡ ರೆಂಬೆ) ಹಿಡಿದು, ಉಳಿದಿರುವ ಕಾಯಿ ಎಷ್ಟು, ಉದುರಿದ ತೊಟ್ಟಿನ ಗುರುತು ಎಷ್ಟು ಎಂದು ಎಣಿಸಿ. ಉಳಿದದ್ದು 240, ಉದುರಿದ್ದು 160 ಆದರೆ ಒಟ್ಟು 400ರಲ್ಲಿ ಶೇ 40. ನೆಲದಲ್ಲಿ ಬಿದ್ದ ಕಾಯಿಯ ರಾಶಿ ತೋರಿಸುವುದಕ್ಕಿಂತ ಇದು ಗಟ್ಟಿ, ಏಕೆಂದರೆ ಬಿದ್ದ ಕಾಯಿ ಮಳೆನೀರಿಗೆ ಕೊಚ್ಚಿಹೋಗುತ್ತದೆ, ಇಲ್ಲವೇ ಕೊಳೆತು ಮಣ್ಣಾಗುತ್ತದೆ. ಯಾವ ಮಳೆಗಾಲದಲ್ಲೂ ಒಂದಷ್ಟು ಕಾಯಿ ತಾನಾಗಿ ಉದುರುತ್ತದೆ. ಅಧಿಕಾರಿಗಳು ಆ ಮಾತು ಎತ್ತಿದರೆ ಹಿಂದಿನ ವರ್ಷಗಳ ಕುಯ್ಲಿನ ಲೆಕ್ಕ, ಕಾಫಿ ಮಾರಿದ ಚೀಟಿ ತೋರಿಸಿ.

ಕಾರಣವನ್ನೂ ಸರಿಯಾಗಿ ಹೇಳಬೇಕು. ತಗ್ಗಿನಲ್ಲಿ ನೀರು ನಿಂತು ಬೇರಿಗೆ ಉಸಿರಾಟ ಇಲ್ಲದೆ ಉದುರಿದ್ದು ಒಂದು ಬಗೆ. ಕೊಳೆರೋಗ ಇನ್ನೊಂದು, ಅದರಲ್ಲಿ ಕಪ್ಪಾದ ಎಲೆ ನೂಲಿನಂಥ ಎಳೆಯಲ್ಲಿ ರೆಂಬೆಗೆ ನೇತಾಡುತ್ತಿರುತ್ತದೆ. ಎರಡೂ ಎಡೆಬಿಡದ ಮಳೆಯ ಫಲವೇ. ಆದರೆ ವರದಿಯಲ್ಲಿ ಬರೀ ‘ರೋಗ’ ಎಂದು ಬರೆದರೆ ನಿರ್ವಹಣೆಯ ಕೊರತೆ ಎಂದು ಕೈಬಿಡುವ ಅಪಾಯವಿದೆ. ‘ಅತಿವೃಷ್ಟಿಯಿಂದ ಕಾಯಿ ಉದುರುವಿಕೆ ಮತ್ತು ಕೊಳೆ’ ಎಂದು ಮಹಜರಿನಲ್ಲಿ ಬರಲಿ. ಬಿಳಿ ಕಾಂಡಕೊರಕ ತಿಂದ ಗಿಡಗಳನ್ನು ಈ ಲೆಕ್ಕಕ್ಕೆ ಸೇರಿಸಲು ಹೋಗಬೇಡಿ. ಕಾಫಿ ಮಂಡಳಿಯವರು ಒಂದೇ ನೋಟಕ್ಕೆ ಗುರುತಿಸುತ್ತಾರೆ, ಆಮೇಲೆ ನಿಮ್ಮ ಉಳಿದ ಮಾತಿಗೂ ಬೆಲೆ ಇರುವುದಿಲ್ಲ.

ಫೋಟೋವನ್ನು ದಿನಾಂಕ, ಜಾಗದ ಅಕ್ಷಾಂಶ ರೇಖಾಂಶ ಮೂಡುವ ಕ್ಯಾಮೆರಾ ಆ್ಯಪ್‌ನಲ್ಲೇ ತೆಗೆಯಿರಿ. ಒಂದು ಹಲಗೆಯ ಮೇಲೆ ಸರ್ವೆ ನಂಬರ್ ಬರೆದು ಚಿತ್ರದೊಳಗೆ ಬರುವಂತೆ ಇಡಿ. ಸಮೀಕ್ಷೆಗೆ ಕಂದಾಯ ಇಲಾಖೆಯವರ ಜೊತೆ ಕಾಫಿಗಾದರೆ ಕಾಫಿ ಮಂಡಳಿ, ಮೆಣಸು ಅಡಿಕೆಗಾದರೆ ತೋಟಗಾರಿಕೆ, ಭತ್ತಕ್ಕಾದರೆ ಕೃಷಿ ಇಲಾಖೆಯವರು ಇರಬೇಕು. ಒಬ್ಬರೇ ಬಂದು ಹೋಗಿದ್ದರೆ ಅದನ್ನೇ ಆಕ್ಷೇಪಣೆಯ ಮೊದಲ ಅಂಶ ಮಾಡಿ. ಕರಡು ಪಟ್ಟಿಯನ್ನು ಗ್ರಾಮ ಪಂಚಾಯಿತಿ ಮತ್ತು ನಾಡಕಚೇರಿಯ ಫಲಕಕ್ಕೆ ಹಾಕಿದಾಗ ತಹಶೀಲ್ದಾರರಿಗೆ ಲಿಖಿತವಾಗಿ ಮರುಸಮೀಕ್ಷೆ ಕೇಳಿ, ನಿಮ್ಮ ಎಣಿಕೆಯ ಹಾಳೆ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಆಕ್ಷೇಪಣೆಗೆ ಕಡತ ಸಂಖ್ಯೆ ಇರುವುದಿಲ್ಲ.

ಪ್ರಶ್ನೆ: ಲಕ್ಷ್ಮಣತೀರ್ಥ ಉಕ್ಕಿ ಎರಡು ಎಕರೆ ನಾಟಿ ಗದ್ದೆ ವಾರಕ್ಕೂ ಹೆಚ್ಚು ನೀರಿನಲ್ಲಿತ್ತು. ಪೈರು ಕೊಳೆತ ಮೇಲೆ ಬೇರೆಯವರಿಂದ ಸಸಿ ತಂದು ಮತ್ತೆ ನಾಟಿ ಮಾಡಿದೆ. ‘ಗದ್ದೆ ಹಸಿರಾಗಿಯೇ ಇದೆಯಲ್ಲ’ ಎಂದು ಪಟ್ಟಿಯಿಂದ ಬಿಟ್ಟಿದ್ದಾರೆ. ಪಕ್ಕದವರಿಗೆ ಮಳೆಯಾಶ್ರಿತ ದರ ಹಾಕಿದ್ದಾರೆ. ಗದ್ದೆ ಎಂದರೆ ನೀರಾವರಿ ಅಲ್ಲವೇ? (ಬಾಳೆಲೆ)

ಉತ್ತರ: ಮರುನಾಟಿಗೆ ಕಾಯಲು ಆಗುವುದಿಲ್ಲ, ಅದು ಗೊತ್ತಿರುವ ಮಾತೇ. ಕಕ್ಕಡ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಕಳೆದರೆ ನಾಟಿಗೆ ಬಲವಿಲ್ಲ. ಆದರೆ ಉಳುವ ಮೊದಲು ಒಂದು ದಿನದ ಕೆಲಸ ಮಾಡಿಕೊಳ್ಳಬೇಕಿತ್ತು: ಕೊಳೆತ ಪೈರಿನ ಫೋಟೋ, ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಮಾಹಿತಿ, ಸಾಧ್ಯವಾದರೆ ಮೂಲೆಯಲ್ಲಿ ಒಂದೆರಡು ಸೆಂಟ್ ಹಾಗೇ ಬಿಡುವುದು. ಈಗಲೂ ದಾರಿ ಮುಚ್ಚಿಲ್ಲ. ಮೊದಲ ನಾಟಿ ಮತ್ತು ಮರುನಾಟಿಯ ಕೂಲಿ ಲೆಕ್ಕ, ಟಿಲ್ಲರ್ ಬಾಡಿಗೆ ಚೀಟಿ, ನೆರೆಯ ಗದ್ದೆಯವರ ಸಹಿ, ಆ ದಿನಗಳಲ್ಲಿ ನಿಮ್ಮ ಹೋಬಳಿಯ ಮಳೆಯ ಅಂಕಿ ಸೇರಿಸಿ ಆಕ್ಷೇಪಣೆ ಕೊಡಿ. ನಿಮ್ಮ ಸುತ್ತಲಿನ ಸರ್ವೆ ನಂಬರ್‌ಗಳು ಪಟ್ಟಿಯಲ್ಲಿದ್ದರೆ ಅದೇ ದೊಡ್ಡ ಸಾಕ್ಷಿ. ಹೊಳೆ ಒಂದು ಗದ್ದೆ ಬಿಟ್ಟು ಇನ್ನೊಂದಕ್ಕೆ ನುಗ್ಗುವುದಿಲ್ಲ.

ದರದ ವಿಷಯದಲ್ಲಿ ಪಕ್ಕದವರಿಗೆ ಹಾಕಿದ್ದು ಸರಿ. ನೀರು ನಿಲ್ಲುವ ಗದ್ದೆ ಎಂಬುದಕ್ಕೂ ನೀರಾವರಿ ಎಂಬುದಕ್ಕೂ ಕಡತದಲ್ಲಿ ಸಂಬಂಧವಿಲ್ಲ. ಕಾಲುವೆ, ಕೊಳವೆಬಾವಿ ಹೀಗೆ ಖಚಿತ ನೀರಿನ ಮೂಲ ಬೆಳೆ ಸಮೀಕ್ಷೆಯಲ್ಲಿ ದಾಖಲಾಗಿರಬೇಕು. ಕುಶಾಲನಗರದ ಕಡೆ ಹಾರಂಗಿ ಕಾಲುವೆಯ ಗದ್ದೆಗಳಿಗೆ ನೀರಾವರಿ ದರ ಸಿಗುವುದು, ದಕ್ಷಿಣ ಕೊಡಗಿನ ಮಳೆ ನಂಬಿದ ಗದ್ದೆಗಳಿಗೆ ಸಿಗದಿರುವುದು ಇದಕ್ಕೇ. ಎರಡು ಎಕರೆಗೆ ಕೇಂದ್ರದ ದರದಲ್ಲಿ 6,880 ರೂ. ಎಲ್ಲಿ, 13,760 ರೂ. ಎಲ್ಲಿ. ನಿಮಗೆ ನಿಜವಾಗಿ ಕೊಳವೆಬಾವಿ ಇದ್ದೂ ‘ಮಳೆಯಾಶ್ರಿತ’ ಎಂದಿದ್ದರೆ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ತೆಗೆದು ನೋಡಿ, ಅಲ್ಲೇ ಆಕ್ಷೇಪಣೆ ಹಾಕಬಹುದು. ಅದೇ ಜಾಗದಲ್ಲಿ ಇನ್ನೊಂದು ತಪ್ಪೂ ಸಿಗುತ್ತದೆ: ಗದ್ದೆಗೆ ಅಡಿಕೆ ಇಟ್ಟು ವರ್ಷಗಳಾದರೂ ಭತ್ತ ಎಂದೇ ಇರುವುದು, ಅಥವಾ ‘ಬೀಳು’ ಎಂದಿರುವುದು. ಬೀಳು ಎಂದು ನಮೂದಾದ ನೆಲಕ್ಕೆ ಪರಿಹಾರ ಇಲ್ಲ.

ಪ್ರಶ್ನೆ: ಬರೆ ಕುಸಿದು 60 ಸೆಂಟ್ ತೋಟ ಕೊಲ್ಲಿಗೆ (ಕಣಿವೆಯ ತೊರೆಗೆ) ಹೋಗಿದೆ. ಕೆಳಗಿನ 40 ಸೆಂಟ್ ಗದ್ದೆಯ ಮೇಲೆ ಮಣ್ಣು, ಬಂಡೆ, ಮರ ಬಂದು ಕೂತಿದೆ. ಬೆಳೆ ಪರಿಹಾರ ಮಾತ್ರ ಸಿಗುತ್ತದೆ ಎನ್ನುತ್ತಾರೆ. ನಿಜವೇ? (ಮಕ್ಕಂದೂರು)

ಉತ್ತರ: ಅಲ್ಲ. ಆದರೆ ಅರ್ಜಿಯಲ್ಲಿ ಬರೀ ‘ಬೆಳೆಹಾನಿ’ ಎಂದು ಬರೆದರೆ ಬರೀ ಅದೇ ಸಿಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ, ಮೊಣ್ಣಂಗೇರಿಯ ಕಡೆ ಬೆಟ್ಟಗಳು ಜರಿದವು, ಮರುವರ್ಷ ತೋರದಲ್ಲಿ ಕುಸಿಯಿತು. ಬೆಳೆ ಹೋಗುವುದು, ನೆಲ ಹೋಗುವುದು, ನೆಲದ ಮೇಲೆ ಬೇರೆ ನೆಲ ಬಂದು ಕೂರುವುದು ಇವು ಮೂರೂ ಬೇರೆ ಬೇರೆ ಹಾನಿಗಳು, ದರಪಟ್ಟಿಯಲ್ಲಿ ಬೇರೆ ಬೇರೆ ಸಾಲಿನಲ್ಲಿವೆ.

ಭೂಕುಸಿತದಿಂದಲೋ ಹೊಳೆ ದಿಕ್ಕು ಬದಲಿಸಿಯೋ ಜಮೀನಿನ ದೊಡ್ಡ ಭಾಗವೇ ನಾಶವಾದರೆ ಹೆಕ್ಟೇರಿಗೆ 47,000 ರೂ., ಕನಿಷ್ಠ 5,000 ರೂ. ಇದು ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಮಾತ್ರ, ಅಂದರೆ ಒಟ್ಟು ಹಿಡುವಳಿ 2 ಹೆಕ್ಟೇರ್ ಒಳಗಿರಬೇಕು. ಕಂದಾಯ ದಾಖಲೆಯಲ್ಲಿ ಒಡೆತನ ಸ್ಪಷ್ಟವಾಗಿರಬೇಕು. ನಿಮ್ಮ 60 ಸೆಂಟ್ 0.243 ಹೆಕ್ಟೇರ್, ಲೆಕ್ಕಕ್ಕೆ ಸುಮಾರು 11,400 ರೂ. ಗುಡ್ಡಗಾಡಿನಲ್ಲಿ ಕೃಷಿ ಜಮೀನಿನ ಮೇಲೆ ಬಿದ್ದ ಕಲ್ಲು ಮಣ್ಣು ತೆಗೆಯಲು ಹೆಕ್ಟೇರಿಗೆ 18,000 ರೂ., ಕನಿಷ್ಠ 2,200 ರೂ. ನಿಮ್ಮ 40 ಸೆಂಟ್‌ಗೆ ಸುಮಾರು 2,900 ರೂ. ಆಗುತ್ತದೆ. ಹೊಳೆ ತಂದ ಹೂಳು ಮರಳಿಗೂ ಇದೇ ದರ, ಆದರೆ ಪದರ 3 ಅಂಗುಲಕ್ಕಿಂತ ದಪ್ಪ ಇದೆ ಎಂದು ಅಧಿಕಾರಿ ದೃಢೀಕರಿಸಬೇಕು. ಗದ್ದೆಯ ನಾಲ್ಕಾರು ಕಡೆ ಮೂಲ ನೆಲದವರೆಗೆ ಗುಂಡಿ ತೋಡಿ ಅಳತೆಪಟ್ಟಿ ನಿಲ್ಲಿಸಿ ಫೋಟೋ ತೆಗೆದಿಡಿ. ಎರಡು ಮಳೆ ಬಿದ್ದರೆ ಹೂಳು ಇಳಿದು ಕೂತು ಅಂಗುಲ ಕಡಿಮೆಯಾಗುತ್ತದೆ.

2,900 ರೂಪಾಯಿಗೆ ಜೆಸಿಬಿ ಗದ್ದೆಗೆ ಇಳಿಯುವುದೂ ಇಲ್ಲ ಎಂದು ನೀವು ಹೇಳಿದರೆ ನಾವು ಒಪ್ಪುತ್ತೇವೆ. ಕೊಡಗಿನಂಥ ಜಿಲ್ಲೆಗೆ ಈ ದರ ತೀರಾ ಕಡಿಮೆ. ಆದರೂ ಬಿಡಬೇಡಿ, ಏಕೆಂದರೆ ಮಹಜರಿನಲ್ಲಿ ವಿಸ್ತೀರ್ಣ ದಾಖಲಾಗುವುದೇ ಮುಂದೆ ಸಾಲ ಮರುಹೊಂದಾಣಿಕೆಗೆ, ಉದ್ಯೋಗ ಖಾತರಿಯಲ್ಲಿ ಒಡ್ಡು ಕಟ್ಟುವ ಕೆಲಸ ಕೇಳುವುದಕ್ಕೆ ಆಧಾರ. ಮಹಜರು ಬರೆಸುವಾಗ ‘ಒಂದು ಎಕರೆ ಹಾನಿ’ ಎಂದು ಒಟ್ಟಾಗಿ ಬರೆಸದೆ, ಕೊಚ್ಚಿಹೋದದ್ದು 60 ಸೆಂಟ್, ಮಣ್ಣು ಕೂತದ್ದು 40 ಸೆಂಟ್, ಉಳಿದ ತೋಟದಲ್ಲಿ ಕಾಯಿ ಉದುರಿದ್ದು ಇಷ್ಟು ಎಂದು ಬಿಡಿಸಿ ಬರೆಸಿ, ಕೈನಕ್ಷೆ ಸೇರಿಸಿ.

ಬಿದ್ದ ಮರಗಳ ಬಗ್ಗೆ ಒಂದು ಎಚ್ಚರಿಕೆ. ಕೊಡಗಿನಲ್ಲಿ ‘ಅನ್‌ರಿಡೀಮ್ಡ್’ ಎಂದು ದಾಖಲಾದ ಜಮೀನಿನ ಮರದ ಹಕ್ಕು ಸರ್ಕಾರದ್ದು. ಬೀಟೆ, ನಂದಿ, ಹೊನ್ನೆ ಗದ್ದೆಯಲ್ಲಿ ಬಂದು ಬಿದ್ದಿದ್ದರೂ ಅರಣ್ಯ ಇಲಾಖೆಗೆ ತಿಳಿಸದೆ ಕೊಯ್ದರೆ ಪರಿಹಾರದ ಬದಲು ಮೊಕದ್ದಮೆ ಬರುತ್ತದೆ.

ಪ್ರಶ್ನೆ: ನಮ್ಮದು ಜಮ್ಮಾ ಆಸ್ತಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ). ಪಹಣಿ ತೀರಿಹೋದ ದೊಡ್ಡಪ್ಪನ ಹೆಸರಿನಲ್ಲಿದೆ, ಜೊತೆಗೆ ‘ಮತ್ತು ಇತರರು’ ಎಂದಿದೆ. ನಾಲ್ಕು ಮನೆಯವರು ಒಟ್ಟು ಹನ್ನೆರಡು ಎಕರೆ ಬೇರೆ ಬೇರೆ ಮಾಡಿಕೊಂಡು ಬರುತ್ತಿದ್ದೇವೆ. ಪ್ರತಿ ಸಲವೂ ಪರಿಹಾರ ತಪ್ಪುತ್ತದೆ. (ವಿರಾಜಪೇಟೆ ತಾಲ್ಲೂಕು)

ಉತ್ತರ: ತೀರಿಹೋದವರ ಆಧಾರ್‌ಗೆ ಹಣ ಹಾಕಲು ಬರುವುದಿಲ್ಲ, ‘ಇತರರು’ ಎಂಬುದಕ್ಕೆ ಆಧಾರೇ ಇಲ್ಲ. ಸಮೀಕ್ಷೆ ಮಾಡುವವರು ಹಾನಿ ಬರೆದುಕೊಂಡರೂ ‘ಪರಿಹಾರ’ ತಂತ್ರಾಂಶದಲ್ಲಿ ನಮೂದಿಸುವಾಗ ಫಲಾನುಭವಿಯ ಹೆಸರು ಬೇಕು. ಅಲ್ಲಿಗೆ ಕಡತ ನಿಲ್ಲುತ್ತದೆ.

ಮೊದಲು ನಿಮ್ಮ ವರ್ಗದ (ಕುಟುಂಬದ ಹಿಡುವಳಿಯ) ಎಲ್ಲ ಸರ್ವೆ ನಂಬರ್‌ಗಳ ಪಹಣಿ ತೆಗೆಸಿ. ಕಾಲಂ 9ರಲ್ಲಿ ಯಾರ ಹೆಸರಿದೆ, ಹೆಸರಿನ ಎದುರು ವಿಸ್ತೀರ್ಣ ಇದೆಯೇ, ಕಾಲಂ 11ರಲ್ಲಿ ಯಾವ ಋಣ, ತಕರಾರು ಇದೆ ನೋಡಿ. ತೀರಿಹೋದವರ ಹೆಸರು ಇಳಿಸಲು ಪೌತಿ ಖಾತೆಯೇ ದಾರಿ: ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಮತ್ತು ಹೇಳಿಕೆ. ಹಳೆಯ ಸಾವು ನೋಂದಣಿಯಾಗದೆ ಇದ್ದರೆ ಅದೇ ದೊಡ್ಡ ತಡ, ಆದ್ದರಿಂದ ಆ ಕೆಲಸ ಮೊದಲು. ಒಕ್ಕದ (ಮನೆತನದ) ಆಸ್ತಿ ಒಡೆಯುತ್ತದೆ ಎಂಬ ಅಳುಕಿನಿಂದ ಹಿರಿಯರು ಸಹಿ ಹಾಕಲು ಹಿಂಜರಿಯುವುದುಂಟು. ಪೌತಿ ಎಂದರೆ ಪಾಲು ಅಲ್ಲ. ತೀರಿಹೋದವರ ಜಾಗಕ್ಕೆ ಇರುವವರ ಹೆಸರು ಬರುತ್ತದೆ, ಆಸ್ತಿ ಒಟ್ಟಾಗಿಯೇ ಇರಬಹುದು.

ಆಮೇಲೆ ರಾಜ್ಯದ ರೈತರ ದತ್ತಾಂಶ ವ್ಯವಸ್ಥೆಯಾದ ಫ್ರೂಟ್ಸ್‌ನಲ್ಲಿ ನೋಂದಣಿ. ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಪಹಣಿ, ಪಾಸ್‌ಬುಕ್ ಕೊಟ್ಟು ಪ್ರತಿಯೊಬ್ಬರೂ ತಮ್ಮದೇ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿಕೊಂಡು, ತಮ್ಮ ಪಾಲಿನ ವಿಸ್ತೀರ್ಣ ಅದರಲ್ಲಿ ಸೇರಿದೆಯೇ ಎಂದು ಪರದೆಯಲ್ಲೇ ನೋಡಿ ಬರಬೇಕು. ಜಂಟಿ ಪಹಣಿಯಾದರೆ ಉಳಿದವರ ಒಪ್ಪಿಗೆ ಪತ್ರ ಜೊತೆಗಿರಲಿ. ಹನ್ನೆರಡು ಎಕರೆಯೂ ಒಬ್ಬರ ಎಫ್‌ಐಡಿಯಲ್ಲಿದ್ದರೆ ಪರಿಹಾರ 4 ಎಕರೆ 94 ಸೆಂಟ್‌ಗೆ ನಿಲ್ಲುತ್ತದೆ. ನಾಲ್ಕು ಮನೆಗೆ ಮೂರು ಮೂರು ಎಕರೆ ದಾಖಲಾದರೆ ಹನ್ನೆರಡು ಎಕರೆಗೂ ಸಿಗುತ್ತದೆ. ಕಾಫಿಗೆ ಕೇಂದ್ರದ ದರದಲ್ಲೇ ನೋಡಿದರೆ 45,000 ರೂ. ಮತ್ತು 1,09,000 ರೂ. ನಡುವಿನ ವ್ಯತ್ಯಾಸ ಇದು.

ಬಾಣೆಯಲ್ಲಿ (ಗದ್ದೆಗೆ ಸೇರಿದ ಮೇಲಿನ ಮರಗಾಡು ನೆಲದಲ್ಲಿ) ಕಾಫಿ ಇದ್ದೂ ಬೆಳೆ ಕಾಲಂ ಖಾಲಿ ಇರುವುದು ಕೊಡಗಿನ ಪಹಣಿಗಳ ಹಳೆಯ ಕಾಯಿಲೆ. ಮುಂಗಾರಿನ ಬೆಳೆ ಸಮೀಕ್ಷೆ ನಡೆಯುವಾಗ ರೈತರ ಆ್ಯಪ್‌ನಲ್ಲಿ ನೀವೇ ಫೋಟೋ ಸಮೇತ ದಾಖಲಿಸಿ. ಗದ್ದೆ ಮಾತ್ರ ಬರೆದು ಬಾಣೆ ಬಿಡಬೇಡಿ.

ಪ್ರಶ್ನೆ: ಪಟ್ಟಿಯಲ್ಲಿ ಹೆಸರಿದೆ, ‘ಪಾವತಿಯಾಗಿದೆ’ ಎನ್ನುತ್ತಾರೆ, ನನ್ನ ಸೊಸೈಟಿ ಖಾತೆಗೆ ಬಂದಿಲ್ಲ. (ಶನಿವಾರಸಂತೆ)

ಉತ್ತರ: ಹಣ ನೀವು ಕೊಟ್ಟ ಪಾಸ್‌ಬುಕ್ ನೋಡಿ ಬರುವುದಿಲ್ಲ. ಆಧಾರ್ ಸಂಖ್ಯೆ ಹಿಡಿದು, ಆ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ನೇರ ನಗದು ವರ್ಗಾವಣೆಗಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಮೊಬೈಲ್ ಸಿಮ್ ಕೊಳ್ಳುವಾಗಲೋ ಸಂತೆಯ ಶಿಬಿರದಲ್ಲೋ ಹೆಬ್ಬೆಟ್ಟು ಒತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ನೆನಪಿದೆಯೇ? ಎಷ್ಟೋ ಸಲ ಹಣ ಅಲ್ಲಿ ಕೂತಿರುತ್ತದೆ.

ಆಧಾರ್ ಜಾಲತಾಣದಲ್ಲಿ ಒಟಿಪಿ ಕೊಟ್ಟು ‘ಬ್ಯಾಂಕ್ ಸೀಡಿಂಗ್ ಸ್ಥಿತಿ’ ನೋಡಿ. ಬ್ಯಾಂಕಿನ ಹೆಸರು ಮತ್ತು ಜೋಡಣೆ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಬಳಿಕ ಭೂಮಿ ಜಾಲತಾಣದ ಪರಿಹಾರ ಪುಟದಲ್ಲಿ ವರ್ಷ, ಋತು, ವಿಪತ್ತಿನ ವಿಧ ಆರಿಸಿ ನಿಮ್ಮ ಆಧಾರ್ ಅಥವಾ ಎಫ್‌ಐಡಿ ಹಾಕಿ. ಪಾವತಿ ಯಶಸ್ವಿ ಎಂದಿದ್ದರೆ ಆ ಬ್ಯಾಂಕಿಗೆ ಹೋಗಿ. ವಿಫಲ ಎಂದಿದ್ದರೆ ಕಾರಣವೂ ಅಲ್ಲೇ ಇರುತ್ತದೆ: ಆಧಾರ್ ಜೋಡಣೆ ಇಲ್ಲ, ಖಾತೆ ಮುಚ್ಚಿದೆ, ಹೆಸರು ಹೊಂದುತ್ತಿಲ್ಲ ಎಂದು. ಜೋಡಣೆಗೆ ಬ್ಯಾಂಕಿನಲ್ಲಿ ಅರ್ಜಿ ಕೊಡುವಾಗ ಬರೀ ‘ಆಧಾರ್ ಲಿಂಕ್’ ಎನ್ನಬೇಡಿ; ಅದು ಗ್ರಾಹಕರ ಗುರುತಿಗೆ ಮಾಡುವ ಬೇರೆ ಕೆಲಸ. ‘ನೇರ ನಗದು ವರ್ಗಾವಣೆಗೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಜೋಡಣೆ’ ಎಂದು ಕೇಳಿ. ಸರಿಯಾದ ಮೇಲೆ ತಹಶೀಲ್ದಾರ್ ಕಚೇರಿಯಲ್ಲಿ ಮರುಪಾವತಿಗೆ ಹೆಸರು ಕೊಡಿ. ಪಹಣಿಯಲ್ಲಿ ಮನೆತನದ ಹೆಸರು ಮುಂದೆ, ಆಧಾರ್‌ನಲ್ಲಿ ಅದು ಬರೀ ಇನಿಷಿಯಲ್ ಆಗಿದ್ದರೂ ಹೊಂದಾಣಿಕೆ ತಪ್ಪುತ್ತದೆ. ಕೊಡಗಿನಲ್ಲಿ ಇದು ಬಹಳ.

ಪ್ರಶ್ನೆ: ಬಂದ ಪರಿಹಾರವನ್ನು ಬ್ಯಾಂಕಿನವರು ಬೆಳೆಸಾಲಕ್ಕೆ ಮುರಿದುಕೊಂಡಿದ್ದಾರೆ. (ಸೋಮವಾರಪೇಟೆ)

ಉತ್ತರ: ಮುರಿದುಕೊಳ್ಳುವಂತಿಲ್ಲ. 2024ರಲ್ಲಿ ಬರ ಪರಿಹಾರ ಬಂದಾಗ ರಾಜ್ಯ ಸರ್ಕಾರ ಇದನ್ನು ಸ್ಪಷ್ಟವಾಗಿ ಹೇಳಿ, ಜಿಲ್ಲಾಧಿಕಾರಿಗಳ ಮೂಲಕ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು. ಶಾಖೆಗೆ ಲಿಖಿತ ಮನವಿ, ಪ್ರತಿಯನ್ನು ಲೀಡ್ ಬ್ಯಾಂಕ್ ಮ್ಯಾನೇಜರ್ ಮತ್ತು ಜಿಲ್ಲಾಧಿಕಾರಿಗೆ ಕಳುಹಿಸಿ, ಪಾಸ್‌ಬುಕ್ ಪುಟ ಲಗತ್ತಿಸಿ.

ಪ್ರಶ್ನೆ: ಗದ್ದೆ ಗುತ್ತಿಗೆಗೆ ಪಡೆದು ಶುಂಠಿ ಹಾಕಿದ್ದೆ. ಮಳೆಗೆ ಗಡ್ಡೆ ಕೊಳೆತಿದೆ. ಪರಿಹಾರ ಯಾರಿಗೆ? ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಕೃಷಿ ಮಾಡುವವರಿಗೆ ಏನಾದರೂ ಇದೆಯೇ? (ಕೊಡ್ಲಿಪೇಟೆ, ಸುಂಟಿಕೊಪ್ಪ)

ಉತ್ತರ: ಹಣ ಪಹಣಿದಾರರ ಖಾತೆಗೇ ಹೋಗುತ್ತದೆ. ಗುತ್ತಿಗೆ ಕರಾರು ಮಾಡುವಾಗಲೇ ‘ಪ್ರಕೃತಿ ವಿಕೋಪದ ಪರಿಹಾರ ಬಂದರೆ ಬೆಳೆ ಹಾಕಿದವರಿಗೆ ಕೊಡತಕ್ಕದ್ದು’ ಎಂಬ ಒಂದು ಸಾಲು ಛಾಪಾ ಕಾಗದದಲ್ಲಿ ಇರಲಿ. ಬೆಳೆ ಕೊಳೆತ ಮೇಲೆ ಕೇಳಿದರೆ ಜಗಳ. ಪೈಸಾರಿ ಜಾಗದಲ್ಲಿ ಸಾಗುವಳಿ ಸಕ್ರಮಕ್ಕೆ ನಮೂನೆ 57ರ ಅರ್ಜಿ ಕೊಟ್ಟಿದ್ದೇವೆ ಎಂಬುದು ಹಕ್ಕು ದಾಖಲೆ ಆಗುವುದಿಲ್ಲ. ಮಂಜೂರಾಗಿ ಪಹಣಿಯಲ್ಲಿ ಹೆಸರು ಬರುವ ತನಕ ಬೆಳೆ ಪರಿಹಾರ ನಿರೀಕ್ಷಿಸಬೇಡಿ.

ಪ್ರಶ್ನೆ: ಆನೆ ಹಿಂಡು ಕಾಫಿ, ಬಾಳೆ ತುಳಿದು ಹಾಕಿದೆ. ಮಳೆಹಾನಿಯ ಜೊತೆ ಸೇರಿಸಬಹುದೇ? ವಿಮೆ ಇದ್ದರೆ ಪರಿಹಾರ ತಪ್ಪುತ್ತದೆಯೇ? (ಮಾಲ್ದಾರೆ)

ಉತ್ತರ: ಸೇರಿಸಬೇಡಿ. ಕಾಡುಪ್ರಾಣಿಯ ಹಾನಿ ಅರಣ್ಯ ಇಲಾಖೆಯ ಲೆಕ್ಕ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಬೇರೆ ಅರ್ಜಿ. ಅಲ್ಲಿ ಕಾಫಿ, ಅಡಿಕೆ, ಬಾಳೆಗೆ ಹೆಕ್ಟೇರಿನ ದರ ಇಲ್ಲ, ಗಿಡಕ್ಕೆ ಇಷ್ಟು ಎಂದು. ಹಾಗಾಗಿ ಗಿಡಗಳ ಎಣಿಕೆ ಮತ್ತು ವಯಸ್ಸು ಮುಖ್ಯ. ಸಿಬ್ಬಂದಿ ಬಂದು ನೋಡುವ ತನಕ ಮುರಿದ ಗಿಡ ತೆಗೆಯಬೇಡಿ, ಲದ್ದಿ ಮತ್ತು ಹೆಜ್ಜೆ ಗುರುತಿನ ಫೋಟೋ ಇರಲಿ.

ವಿಮೆಯ ಹಣವೂ ಪರಿಹಾರವೂ ಬೇರೆ ಬೇರೆ. ಮೆಣಸು, ಅಡಿಕೆಯಂಥ ತೋಟದ ಬೆಳೆಗೆ ಹವಾಮಾನ ಆಧಾರಿತ ವಿಮೆಯಲ್ಲಿ ರೈತರ ಕಂತು ವಿಮಾ ಮೊತ್ತದ ಶೇ 5. ನಿಮ್ಮ ಪಂಚಾಯಿತಿಗೆ ಯಾವ ಬೆಳೆ ಅಧಿಸೂಚಿತ ಎಂದು ಮೊದಲು ಕೇಳಿಕೊಳ್ಳಿ. ಅಲ್ಲಿ ತೋಟ ನೋಡಲು ಯಾರೂ ಬರುವುದಿಲ್ಲ, ಮಳೆಮಾಪಕದ ಅಂಕಿಯೇ ತೀರ್ಮಾನ. ಭತ್ತಕ್ಕೆ ಫಸಲ್ ಬಿಮಾದಲ್ಲಿ ಮುಂಗಾರಿನ ಕಂತು ಶೇ 2. 2026ರ ಮುಂಗಾರಿನಿಂದ ಭತ್ತದ ಗದ್ದೆ ಮುಳುಗಡೆ ಮತ್ತು ಕಾಡುಪ್ರಾಣಿ ದಾಳಿಯನ್ನೂ ಸ್ಥಳೀಯ ಹಾನಿಯಾಗಿ ಸೇರಿಸುವುದಾಗಿ ಕೇಂದ್ರ 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಅಧಿಸೂಚಿಸಬೇಕು. ಹಾನಿಯಾದ 72 ಗಂಟೆಯೊಳಗೆ ವಿಮಾ ಆ್ಯಪ್‌ನಲ್ಲಿ ಫೋಟೋ ಸಮೇತ ತಿಳಿಸಬೇಕು. ವಿಮೆಯ ಸಹಾಯವಾಣಿ 14447. ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದ ದಿನಗಳಲ್ಲಿ ಮೂರು ದಿನ ಸರ್ರನೆ ಕಳೆಯುತ್ತದೆ.

ಪ್ರಶ್ನೆ: ಜನವರಿಯ ಅಕಾಲಿಕ ಮಳೆಗೆ ಕಣದಲ್ಲಿ ಒಣಗಲು ಹಾಕಿದ ಕಾಫಿ ನೆನೆದು ಬೂಷ್ಟು ಹಿಡಿದರೆ? (ಪೊನ್ನಂಪೇಟೆ)

ಉತ್ತರ: ಇಲ್ಲ. ಈ ದರಪಟ್ಟಿ ನೆಲದಲ್ಲಿ ನಿಂತ ಬೆಳೆಗೆ. ಗಿಡದಲ್ಲೇ ಹಣ್ಣು ಒಡೆದು ಉದುರಿದ್ದರೆ ಮಾತ್ರ ಸಮೀಕ್ಷೆ ಕೇಳಿ.

ಪ್ರಶ್ನೆ: ಕೊಟ್ಟಿಗೆ ಗೋಡೆ ಕುಸಿದು ಹಾಲು ಕೊಡುವ ಹಸು ಸತ್ತಿದೆ. ವಾಸನೆ ಬರುತ್ತದೆಂದು ಅವತ್ತೇ ಹೂತೆವು. (ಭಾಗಮಂಡಲ)

ಉತ್ತರ: ಹಾಲು ಕೊಡುವ ಹಸು, ಎಮ್ಮೆಗೆ 37,500 ರೂ., ಎತ್ತಿಗೆ 32,000, ಕರುವಿಗೆ 20,000, ಆಡು, ಕುರಿ, ಹಂದಿಗೆ 4,000 ರೂ. ಇದೆ. ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000 ರೂ. ಆದರೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಕಡತ ಮುಂದೆ ಹೋಗುವುದು ಕಷ್ಟ. ಹೂತ ಜಾಗ ಹಾಗೇ ಬಿಟ್ಟು ಇಂದೇ ಪಶು ಆಸ್ಪತ್ರೆಗೂ ಗ್ರಾಮ ಆಡಳಿತ ಅಧಿಕಾರಿಗೂ ತಿಳಿಸಿ. ಹಸುವಿನ ಕಿವಿಯೋಲೆಯ (ಟ್ಯಾಗ್) ಸಂಖ್ಯೆ, ಡೇರಿಗೆ ಹಾಲು ಹಾಕಿದ ಪುಸ್ತಕ, ಕುಸಿದ ಗೋಡೆಯ ಫೋಟೋ ಜೊತೆಗಿರಲಿ. ಗೋಡೆಯ ಮಣ್ಣು ಇನ್ನೂ ತೆಗೆದಿಲ್ಲ ಎಂದಾದರೆ ಅವರು ಬಂದು ನೋಡುವವರೆಗೆ ತೆಗೆಯಬೇಡಿ.